ಜುಲೇಖಾಳ ತಲೆಗೆ ಇವತ್ತಿನ ಮತ

ದಿನಾ ಬೆಳಿಗ್ಗೆ ಆರಕ್ಕೆ ಬೀದಿಯವರೆಲ್ಲ ಫೋನಿನಲ್ಲಿ ಮತ ಹಾಕುತ್ತಿದ್ದರು: ಜುಲೇಖಾ ಇವತ್ತು ತಲೆಗೆ ಸ್ಕಾರ್ಫ್ ಕಟ್ಟಬೇಕೋ, ಬೇಡವೋ? ಅವಳೊಬ್ಬಳಿಗೆ ಮಾತ್ರ ಮತವಿರಲಿಲ್ಲ. ಮನೆಯೊಳಗಿನ ಗೋಡೆಗೆ ಹಾಕಿದ್ದ ಬೋರ್ಡಿನಲ್ಲಿ ಫಲಿತಾಂಶ ನೋಡಿಕೊಂಡೇ ಅವಳು ಕಂಡಕ್ಟರ್ ಕೆಲಸಕ್ಕೆ ಹೊರಡಬೇಕು.

ಇವತ್ತು ಕಟ್ಟಲಿ ಎಂದು ಇನ್ನೂರು, ಬೇಡ ಎಂದು ಇನ್ನೂರು, ಸಮಸಮ. ಸ್ಕಾರ್ಫನ್ನು ಅರ್ಧ ಸುತ್ತಿ, ಪಿನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಾಗ ಎದುರುಮನೆಯ ಪುಟ್ಟಸ್ವಾಮಿ, ಅವಳ ಸೋದರಮಾವ ಗಫೂರ್ ಇಬ್ಬರೂ ಬಾಗಿಲಿಗೆ ಬಂದರು.

“ತೆಗೆದುಬಿಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು,” ಎಂದರು ಪುಟ್ಟಸ್ವಾಮಿ.

“ತೆಗೆದರೆ ನೋಡು! ನಾನೂ ನಿನ್ನ ಒಳ್ಳೇದಕ್ಕೇ ಹೇಳ್ತಿರೋದು,” ಎಂದರು ಗಫೂರ್ ಮಾಮು.

ಇಬ್ಬರೂ ಹೊಸ್ತಿಲಲ್ಲೇ ಕಿತ್ತಾಡತೊಡಗಿದರು. ಏಳರ ಬಸ್ಸಿಗೆ ಹೊತ್ತಾಗುತ್ತಿತ್ತು. ಜುಲೇಖಾಗೆ ಮೈಯೆಲ್ಲ ಉರಿದುಹೋಯಿತು. ಪಿನ್ನನ್ನು ಬಾಯಿಂದ ತೆಗೆದಳು.

“ತಲೆ ನಂದು! ಒಂದೇ ಒಂದು ದಿನ ನನ್ನನ್ನ ಕೇಳಿ ನೋಡಿ!”

ಜಗಳ ಗಕ್ಕನೆ ನಿಂತಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು: “ನಿನ್ನನ್ನಾ? ಅದು ಹೇಗಾಗುತ್ತೆ!”

ಅವರ ಮುಖದ ಮೇಲೇ ದಢಾರನೆ ಬಾಗಿಲು ಹಾಕಿದಳು.

ಬೋರ್ಡಿನಲ್ಲಿ ಆಗಲೇ ಹೊಸ ಪ್ರಶ್ನೆ ಮೂಡಿತ್ತು: ಜುಲೇಖಾ ಬಾಗಿಲನ್ನು ದಢಾರನೆ ಹಾಕಬಹುದೋ, ಕೂಡದೋ?

ಮೊದಲು ಬಿದ್ದ ಎರಡು ಮತವೂ ‘ಕೂಡದು’.