ಬಾಲದ ಪಾಲು

"ಬಾಲ ಮುಟ್ಟಿದವಂಗೆ ಪಾಲು. ಮುಟ್ಟದವ ಮುಂದಿನ ಸಲ ಸಂಪಾಜೆಲೇ ಕೂರೊಕು," ಎಂದು ಹೇಳಿ ಧರ್ಮಪಾಲ ಮೀನು ಹೊಡೆಯುವ ಈಟಿ ಹಿಡಿದು ಸಮುದ್ರಕ್ಕೆ ಇಳಿದ.

ಹೇಳಿದ್ದು ತಮಾಷೆಗೆ. ಆದರೆ ಬೋಟಿನಲ್ಲಿ ಕೂತಿದ್ದ ದೇರಪ್ಪನಿಗೆ ಅದು ನಾಟಿತು. ಮೊಣಕಾಲಿನ ಆಪರೇಷನ್ ಆದ ಮೇಲೆ ಗೆಳೆಯರು ಅವನನ್ನು ಎಲ್ಲಿಗೂ ಕರೆಯುತ್ತಿರಲಿಲ್ಲ. ಈ ಸಲವೂ ಅಷ್ಟೇ. ಬೆಳಿಗ್ಗೆ ಧರ್ಮಪಾಲನ ಜೀಪು ಹೊರಡುವ ಹೊತ್ತಿಗೆ ತಾನೇ ಹೋಗಿ ಹಿಂದಿನ ಸೀಟು ಹತ್ತಿ, ಇಳಿಯುವುದಿಲ್ಲ ಎಂದು ಹಠ ಹಿಡಿದು ಬಂದಿದ್ದ. ಅವನಿಗೆ ಈಜು ಬಾರದು. ಮಲ್ಪೆಯಿಂದ ಈ ದ್ವೀಪದವರೆಗೆ ಬರುವುದರೊಳಗೆ ಎರಡು ಸಲ ವಾಂತಿ ಬೇರೆ. ಮುಂದಿನ ತಿಂಗಳು ಕಾರವಾರದ ದ್ವೀಪಗಳ ಕಡೆ ಹೋಗುವ ಮಾತು ದಾರಿಯುದ್ದಕ್ಕೂ ನಡೆದಿತ್ತು. ಆ ಮಾತಿನಲ್ಲಿ ತನ್ನ ಹೆಸರು ಒಮ್ಮೆಯೂ ಬರಲಿಲ್ಲ ಎಂಬುದನ್ನು ಅವನು ಗಮನಿಸಿದ್ದ.

ಬಾಲದ ಕಾನೂನು ಅವರ ಊರು ಸಂಪಾಜೆಯ ಹಳೇ ಬೇಟೆಯದು. ಬಿದ್ದ ಹಂದಿಯ ಬಾಲವನ್ನು ಮೊದಲು ಓಡಿ ಹೋಗಿ ಹಿಡಿದವನಿಗೆ, ಅವನು ಕೋವಿಯನ್ನೇ ಮುಟ್ಟದಿದ್ದರೂ, ಒಂದು ಪಾಲು. ಬೇಟೆ ನಿಂತು, ಕೋವಿಗಳು ಹಬ್ಬಕ್ಕೆ ಮಾತ್ರ ಹೊರಗೆ ಬರುವಂತಾಗಿ ಎಷ್ಟೋ ವರ್ಷವಾಯಿತು. ಆದರೆ ಆ ಕಾಲದಲ್ಲಿ ಬಾಲ ಹಿಡಿಯುವುದರಲ್ಲಿ ದೇರಪ್ಪನನ್ನು ಮೀರಿಸಿದವರು ಇರಲಿಲ್ಲ. ಉಳಿದವರು ಹಂದಿ ಬಿತ್ತೋ ಇಲ್ಲವೋ ಎಂದು ಯೋಚಿಸುತ್ತಿರುವಾಗ ಇವನು ಬಾಲ ಹಿಡಿದು ಬೀಡಿ ಹಚ್ಚಿರುತ್ತಿದ್ದ.

"ಮೇಷ್ಟ್ರೆ, ಸಮುದ್ರದಲ್ಲೂ ಆ ಕಾನೂನು ಉಟ್ಟಾ?" ಎಂದು ದೇರಪ್ಪ ಕೇಳಿದ.

ತಿರುಮಲೇಶ್ವರ ಮೇಷ್ಟ್ರು ಕೊಡೆ ಬಿಡಿಸಿಕೊಂಡು ಡಬ್ಬಿಯಿಂದ ಅವಲಕ್ಕಿ ತಿನ್ನುತ್ತಿದ್ದರು. ಮೀನು ಮುಟ್ಟದ ಮನುಷ್ಯ, ಬರೀ ದ್ವೀಪ ನೋಡಲು ಬಂದವರು. ಮೀನಿನ ಆಸೆ ಇಲ್ಲದವರು ಅವರೊಬ್ಬರೇ ಆದ್ದರಿಂದ ಪಾಲು ಹೇಳುವ ಕೆಲಸ ಅವರ ತಲೆಗೇ ಬಿದ್ದಿತ್ತು.

"ಧರ್ಮಪಾಲ ಹೇಳಿದ ಮೇಲೆ ಉಂಟು. ಆದರೆ ನಿನಗೆ ಬೋಟಿನಿಂದ ಕೈ ಎಟುಕಬೇಕಲ್ಲ."

"ಎಟುಕದಿದ್ದರೆ?"

"ಎಟುಕದಿದ್ದರೆ ಅವಲಕ್ಕಿ ಉಂಟು."

ನೀರು ತಿಳಿಯಾಗಿತ್ತು. ಬೋಟಿಗೆ ತಾಗಿದಂತಿದ್ದ ದ್ವೀಪದ ಕಪ್ಪು ಬಂಡೆಯ ಬದಿಯಲ್ಲಿ ಧರ್ಮಪಾಲ ಮುಳುಗಿದ್ದು, ತಿರುಗಿದ್ದು ಎಲ್ಲ ಬೋಟಿನಿಂದಲೇ ಕಾಣುತ್ತಿತ್ತು. ಒಮ್ಮೆಲೇ ಬೋಟಿನವನು ಎದ್ದು ನಿಂತ.

"ಹೊಡೆದ್ರು. ದೊಡ್ಡ ಮುರು ಮೀನು ಮಾರಾಯ್ರೆ."

ಹೊಡೆದ್ರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ದೇರಪ್ಪನಿಗೆ ಮೊಣಕಾಲು ಮರೆತುಹೋಯಿತು, ಈಜು ಬಾರದ್ದೂ ಮರೆತುಹೋಯಿತು. ಲೈಫ್ ಜಾಕೆಟ್ ತೊಟ್ಟ ಆ ಭಾರೀ ದೇಹ ಕಾಫಿಯ ಮೂಟೆಯ ಹಾಗೆ ನೀರಿಗೆ ಬಿತ್ತು. ಅವಲಕ್ಕಿಯ ಡಬ್ಬಿಗೂ ಸಮುದ್ರ ನುಗ್ಗಿತು.

ಮೂಗು ಬಾಯಿಯಲ್ಲೆಲ್ಲ ಉಪ್ಪು ನೀರು. ಕಣ್ಣು ಬಿಡಲಾಗಲಿಲ್ಲ. ಕೈಗೆ ಮಾತ್ರ ಬಾಲ ಸಿಕ್ಕಿತು. ಅಗಲವಾದ, ಜಾರುವ, ಜೋರಾಗಿ ಒದ್ದಾಡುವ ಬಾಲ. ಎರಡೂ ಕೈಯಲ್ಲಿ ಅಪ್ಪಿ ಹಿಡಿದ. ಬಾಲ ಒದೆಯಿತು. ದೇರಪ್ಪ ಬಿಡಲಿಲ್ಲ.

"ಸಿಕ್ಕಿತು ಮೇಷ್ಟ್ರೆ. ನಾನೇ ಮೊದಲು."

"ಬಿಡು ಮಾರಾಯ," ಎಂದು ಪಕ್ಕದಲ್ಲೇ ತಲೆ ಎತ್ತಿದ ಧರ್ಮಪಾಲ ಕೆಮ್ಮುತ್ತಾ ಹೇಳಿದ. "ಅದ್ ನನ್ನ ಕಾಲ್."

ದೇರಪ್ಪ ಕಷ್ಟಪಟ್ಟು ಕಣ್ಣು ಬಿಟ್ಟ. ಅವನು ಹಿಡಿದಿದ್ದು ಧರ್ಮಪಾಲ ಈಜಲೆಂದು ಪಾದಕ್ಕೆ ತೊಟ್ಟಿದ್ದ ಉದ್ದನೆಯ ರಬ್ಬರ್ ಫಿನ್. ಮೀನು ಈಟಿಯ ತುದಿಯಲ್ಲಿ, ಇನ್ನೊಂದು ಬದಿಯಲ್ಲಿ, ತನ್ನ ಪಾಡಿಗೆ ತಾನಿತ್ತು.

ಮೂವರೂ ಸೇರಿ ಅವನನ್ನು ಬೋಟಿಗೆ ಎಳೆದು ಹಾಕಿದರು. ಬೋಟಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಧರ್ಮಪಾಲ ನಕ್ಕ. ಒದ್ದೆ ಅವಲಕ್ಕಿ ಚೆಲ್ಲುತ್ತಾ ಮೇಷ್ಟ್ರೂ ನಕ್ಕರು. ದೇರಪ್ಪ ನಗಲಿಲ್ಲ. ನೀರು ಸುರಿಸುತ್ತಾ ಮೂಲೆಯಲ್ಲಿ ಕೂತ. ಅವನಿಗೆ ನಾಚಿಕೆಗಿಂತ ದುಃಖವೇ ಹೆಚ್ಚಾಗಿತ್ತು.

"ಬಾಲ ಮುಟ್ಟಿಲ್ಲೆ," ಎಂದ. "ನೀವು ಇಬ್ಬರೇ ಹೋಗಿ ಕಾರವಾರಕ್ಕೆ."

ಧರ್ಮಪಾಲನ ನಗು ಅಲ್ಲಿಗೇ ನಿಂತಿತು. ತಾನು ನೀರಿಗಿಳಿಯುವಾಗ ಆಡಿದ ಮಾತು ಇವನನ್ನು ಸಮುದ್ರಕ್ಕೆ ಹಾರಿಸಿತಲ್ಲ ಎಂದು ಅವನಿಗೆ ಈಗ ಹೊಳೆಯಿತು. ಮೇಷ್ಟ್ರ ಕಡೆ ತಿರುಗಿ, "ಮೇಷ್ಟ್ರೆ, ಪಾಲು ಹೇಳೊಕಾದ್ದು ನೀವು," ಎಂದ.

ಮೇಷ್ಟ್ರು ಕೈ ತೊಳೆದರು. ಮೂವತ್ತು ವರ್ಷ ಹಾಜರಿ ಕೂಗಿದ ಗಂಟಲನ್ನು ಸರಿಮಾಡಿಕೊಂಡರು.

"ಈಟಿ ಹೊಡೆದವನು ಧರ್ಮಪಾಲ, ಮೀನು ಅವನದು. ದೇರಪ್ಪ ಮೀನಿನ ಬಾಲ ಮುಟ್ಟಲಿಲ್ಲ, ಹಾಗಾಗಿ ಅವನಿಗೆ ಮೀನಿನಲ್ಲಿ ಪಾಲಿಲ್ಲ. ಅವನು ಮುಟ್ಟಿದ್ದು ಧರ್ಮಪಾಲನ ಬಾಲ. ಕಾನೂನಿನ ಪ್ರಕಾರ ಅವನ ಪಾಲು ಇರುವುದು ಧರ್ಮಪಾಲನಲ್ಲಿ."

ಧರ್ಮಪಾಲ ಮೀನು ಕೊಯ್ಯುವ ಕತ್ತಿಯನ್ನು ದೇರಪ್ಪನ ಮುಂದಿಟ್ಟು, ಫಿನ್ ಸಮೇತ ಕಾಲು ಚಾಚಿದ.

"ಯಾವ ತುಂಡು ಬೇಕ್ ಹೇಳು."

ದೇರಪ್ಪ ಸಂತೆಯಲ್ಲಿ ಮಾಂಸ ನೋಡುವವನ ಹಾಗೆ ಗೆಳೆಯನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ನಿಧಾನವಾಗಿ ಅವನ ಮುಖ ಅರಳಿತು. ಕತ್ತಿಯನ್ನು ಎತ್ತಿ ಪಕ್ಕಕ್ಕಿಟ್ಟ.

"ನಂಗೆ ಅವಸರ ಇಲ್ಲೆ," ಎಂದ. "ಕಾರವಾರಲಿ ಕೊಟ್ಟರೆ ಸಾಕ್."