ಬೆನ್ನ ಮೇಲಿನ ನಂಬರು

ತಿಂಗಳಿಂದ ದಾನಮ್ಮ, ಕಸ್ತೂರಿ ಇಬ್ಬರ ನಡುವೆ ಮಾತಿಲ್ಲ. ಹಾಸ್ಟೆಲಿನ ಕೋಣೆ ಒಂದೇ, ಆದರೆ ರಾಜ್ಯ ಸೈಕ್ಲಿಂಗ್ ತಂಡದಲ್ಲಿ ಉಳಿದಿದ್ದ ಜಾಗವೂ ಒಂದೇ. ಅದು ಯಾರಿಗೆಂದು ಇವತ್ತಿನ ರೇಸು ಹೇಳಬೇಕಿತ್ತು.

ದಾನಮ್ಮ ನಂಬರಿನ ಹಾಳೆ ಹಿಡಿದು ಒಬ್ಬಳೇ ನಿಂತಿದ್ದಳು. ಬಿಗಿ ಜೆರ್ಸಿ ತೊಟ್ಟ ಮೇಲೆಯೇ ಅದನ್ನು ಬೆನ್ನಿಗೆ ಅಂಟಿಸಬೇಕು, ಇಲ್ಲವಾದರೆ ಸುಕ್ಕಾಗುತ್ತದೆ. ಸುಕ್ಕು ಗಾಳಿಯನ್ನು ತಡೆದರೆ ಒಂದೆರಡು ಸೆಕೆಂಡು ಹೋದಂತೆಯೇ. ಇಷ್ಟು ವರ್ಷ ಆ ಕೆಲಸವನ್ನು ಅವರು ಒಬ್ಬರಿಗೊಬ್ಬರು ಮಾಡಿಕೊಂಡಿದ್ದರು. ಬೇರೆಯವರನ್ನು ಕರೆಯಲು ಅವಳಿಗೆ ಬಾಯಿ ಬರಲಿಲ್ಲ.

"ಕೊಡು ಇಲ್ಲೆ," ಎಂದಿತು ಹಿಂದಿನಿಂದ ಕಸ್ತೂರಿಯ ದನಿ. ಮೈಮೇಲೆ ಜಾಕೆಟ್ಟು, ಕೈಯಲ್ಲಿ ಗೋಂದಿನ ಬಾಟಲಿ.

"ನೀ ಯಾಕ..."

"ಸುಮ್ನ ನಿಂದ್ರು. ಮೂಲಿ ಎದ್ರ ಗಾಳಿ ಹಿಡೀತೈತಿ."

ಕಸ್ತೂರಿ ಅಂಗೈಯಿಂದ ನಾಲ್ಕೂ ಮೂಲೆಗಳನ್ನು ತೀಡಿ ತೀಡಿ ಕೂರಿಸಿದಳು. ದಾನಮ್ಮನ ಬೆನ್ನಿಗೆ ಒಂದು ಕೈ ತಾಕಿ ತಿಂಗಳಾಗಿತ್ತು.

"ನಿಂದು?"

"ನಂದು ಆಗೈತಿ."

ಯಾರು ಹಚ್ಚಿಕೊಟ್ಟರೆಂದು ದಾನಮ್ಮ ಕೇಳಲಿಲ್ಲ. ಕೇಳಿದ್ದರೆ ಹೊಟ್ಟೆಕಿಚ್ಚು ಮುಖದಲ್ಲಿ ಕಂಡುಬಿಡುತ್ತಿತ್ತು.

ರೇಸಿನಲ್ಲಿ ಒಬ್ಬೊಬ್ಬರನ್ನೇ ಬಿಟ್ಟು ಸಮಯ ಅಳೆದರು. ದಾನಮ್ಮ ಮೊದಲು ಮುಗಿಸಿ, ಗೆರೆಯ ಪಕ್ಕದಲ್ಲಿ ಕಾದು ನಿಂತಳು. ಕೊನೆಗೆ ಕಸ್ತೂರಿ ತಲೆ ತಗ್ಗಿಸಿಕೊಂಡು ಬಂದು ಗೆರೆ ದಾಟಿದಳು.

ಕೋಚ್ ಗಡಿಯಾರ ನೋಡಿ ಕೂಗಿದರು: "ಅರ್ಧ ಸೆಕೆಂಡಿನ ಅಂತರದಾಗ ನೀನ ಗೆದ್ದಿ, ದಾನಮ್ಮಾ!"

ಮುಂದೆ ಸಾಗಿಹೋಗುತ್ತಿದ್ದ ಕಸ್ತೂರಿಯ ಬೆನ್ನ ಮೇಲೆ, ಹಿಂದಕ್ಕೆ ಚಾಚಿದ ಕೈಗೆ ಎಟಕಿದಷ್ಟು ಕೆಳಗೆ ಅವಳೇ ಚುಚ್ಚಿಕೊಂಡಿದ್ದ ಎರಡು ಪಿನ್ನಿಗೆ ಜೋತುಬಿದ್ದು, ನಂಬರು ಪಟಪಟ ಬಡಿದುಕೊಳ್ಳುತ್ತಿತ್ತು.