ಮಣ್ಣೆತ್ತಿನ ಸಾಕ್ಷಿ

ನೀಲಗಂಗವ್ವ ಕೃಷಿ ಇಲಾಖೆಯ ಸಾಹೇಬರ ಮೇಜಿನ ಮೇಲೆ ಇಡುತ್ತಿದ್ದಂತೆಯೇ ಮಣ್ಣೆತ್ತಿನ ಕಾಲು ಮುರಿದು ಬಿತ್ತು.

“ನೋಡ್ರಿ ಸಾಹೇಬ್ರ, ಅಮಾಸಿ ಪೂಜಿಗೆ ನಮ್ಮ ಹೊಲದ ಮಣ್ಣಿಲೆ ಮಾಡಿದ್ದು. ಎರಿ ಮಣ್ಣೆಲ್ಲ ಮಳಿಗೆ ಕೊಚ್ಚಿಹೋಗಿ ಬರೇ ಗರಸು ಕಲ್ಲು ಉಳದೈತಿ. ಒಡ್ಡು ಹಾಕಾಕ ಸರಕಾರ ರೊಕ್ಕ ಕೊಡಬೇಕ್ರಿ.”

ಸಾಹೇಬರು ಮುರಿದ ಕಾಲನ್ನು ಬೆರಳಲ್ಲೇ ಪುಡಿಮಾಡಿದರು. “ಖರೆ ಐತಿ ಬಿಡವ್ವಾ. ಆದ್ರ ಈ ರೊಕ್ಕ ಇರೋದು ಮಣ್ಣು ಉಳಿಸಾಕ. ನಿನ್ನ ಹೊಲದಾಗ ಉಳಿಸಾಕ ಏನೈತಿ?” ಎಂದು ನಕ್ಕು, ಮುಂದಿನವರನ್ನು ಕರೆದರು.

ಬಂದವನು ಪಕ್ಕದ ಹೊಲದ ದೇವೇಂದ್ರಪ್ಪ. ನೀಲಗಂಗವ್ವ ಹೇಳಿದ್ದಳೆಂದೇ ಅವನೂ ತನ್ನ ಹೊಲದ ಮಣ್ಣಿನಲ್ಲಿ ಮಾಡಿದ, ಬಿರುಕುಬಿಟ್ಟ ಎತ್ತನ್ನು ತಂದಿದ್ದ. ಈಗ ಅದನ್ನು ಮೆಲ್ಲಗೆ ಟವೆಲಿನೊಳಗೆ ಮುಚ್ಚಿಕೊಂಡ.

“ನಮ್ಮಲ್ಲಿ ಮಣ್ಣು ಬೇಕಾದಷ್ಟೈತ್ರಿ ಸಾಹೇಬ್ರ,” ಎಂದ, ಅವಳತ್ತ ನೋಡದೆ. “ಈಕಿ ಹೊಲದ್ದೂ ಹರದು ನಮ್ಮಲ್ಲಿಗೇ ಬಂದೈತಿ.”